ತಂಪು ಇದೆ ಎಂದು ಬರೆದೆ

ನಾನು ಒಂದು ಸಣ್ಣ ಪ್ರೋಗ್ರಾಂ. ಒಟ್ಟು ಅರವತ್ತೆರಡು ಸಾಲು, ಅದರಲ್ಲೂ ಒಂಬತ್ತು ಖಾಲಿ. ಹೆಸರು ಹಾಜರಿ. ಕಂಪ್ಯೂಟರಿನೊಳಗೆ ಈ ಕ್ಷಣ ಯಾವ ಯಾವ ಪ್ರೋಗ್ರಾಂಗಳು ಓಡುತ್ತಿವೆ ಎಂದು ನೋಡಿ ಪಟ್ಟಿ ಬರೆಯುವುದು ನನ್ನ ಕೆಲಸ. ತರಗತಿಯಲ್ಲಿ ಮೇಷ್ಟ್ರು ಹೆಸರು ಕೂಗಿ ಗುರುತು ಹಾಕುತ್ತಾರಲ್ಲ, ಅದನ್ನೇ ನಾನು ಕಂಪ್ಯೂಟರಿನ ಹೊಟ್ಟೆಯೊಳಗೆ ಮಾಡುತ್ತೇನೆ. ಇಷ್ಟು ಸಣ್ಣ ಕೆಲಸದವನಿಗೆ ಆತ್ಮಕಥೆ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನನ್ನ ಮೇಲೊಂದು ತಪ್ಪಿದೆ. ಅದನ್ನು ಯಾರಿಗಾದರೂ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ನಾನು ಹುಟ್ಟಿದ್ದು ಕೊಳ್ಳೇಗಾಲದ ಕಡೆಯ ಒಂದು ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ. ಚಿಟ್ಟೆಗಳಿಂದ ಮೊಟ್ಟೆ ಇಡಿಸಿ, ಆ ಮೊಟ್ಟೆಯ ಹಾಳೆಗಳನ್ನು ಹುಳು ಸಾಕುವವರಿಗೆ ಕೊಡುವ ಜಾಗ ಅದು. ಅಲ್ಲಿನ ಮುಖ್ಯಸ್ಥೆ ಮಂಗಳಗೌರಿ. ಎಲ್ಲರ ಬಾಯಲ್ಲೂ ಗೌರಿ ಮೇಡಂ. ಬಿಳಿ ಗೂಡು ಕಟ್ಟುವ ಹುಳುಗಳಿಗೆ ನಮ್ಮ ಕಡೆಯ ಬೇಸಿಗೆ ಆಗಿಬರುವುದಿಲ್ಲ, ಏಪ್ರಿಲ್ ಬಂತೆಂದರೆ ತಟ್ಟೆ ತಟ್ಟೆಯೇ ಸತ್ತು ಹೋಗುತ್ತವೆ. ಹಾಗೆ ಸತ್ತವುಗಳ ನಡುವೆ ಬದುಕಿ ಉಳಿದ ನಾಲ್ಕೈದನ್ನು ಆರಿಸಿ, ಅವುಗಳ ಮೊಟ್ಟೆ ಇಡಿಸಿ, ಅದರಲ್ಲಿ ಉಳಿದವನ್ನು ಮತ್ತೆ ಆರಿಸಿ, ಹೀಗೆ ಹದಿನಾರು ವರ್ಷ ಕೂತು ಮೇಡಂ ಒಂದು ತಳಿ ಮಾಡಿದ್ದರು. ಬಿಸಿಲು ತಾಳುವ ಬಿಳಿ ಗೂಡಿನ ತಳಿ. ಇನ್ನೊಂದು ಬೇಸಿಗೆ ದಾಟಿಸಿದರೆ ಅದಕ್ಕೆ ಮಾನ್ಯತೆ ಸಿಗುತ್ತಿತ್ತು. ಆಮೇಲೆ ಜೂನ್‌ನಲ್ಲಿ ಅವರ ನಿವೃತ್ತಿ.

ಆ ತಳಿಯ ಮೊಟ್ಟೆಗಳೆಲ್ಲ ಒಂದೇ ಶೀತಲ ಕೋಣೆಯಲ್ಲಿ, ಐದು ಡಿಗ್ರಿ ತಂಪಿನಲ್ಲಿ ಮಲಗಿರುತ್ತಿದ್ದವು. ತಂಪು ಇರುವ ತನಕ ಅವಕ್ಕೆ ನಿದ್ದೆ. ತಂಪು ಹೋಯಿತೋ, ಬೇಸಿಗೆ ಬಂತೆಂದುಕೊಂಡು ಏಳುತ್ತವೆ. ಅರ್ಧ ಹಾಳೆಗಳನ್ನು ಬೇರೆ ಕಡೆ ಇಡಲು ಜಾಗ ಕೊಡಿ ಎಂದು ಮೇಡಂ ಮೇಲಿನ ಕಚೇರಿಗೆ ಎರಡು ಸಲ ಪತ್ರ ಬರೆದಿದ್ದರು. ಜಾಗವಿಲ್ಲ ಎಂದು ಎರಡು ಸಲವೂ ಉತ್ತರ ಬಂದಿತ್ತು.

ನನ್ನನ್ನು ಬರೆದವಳು ಸೆಲ್ವಿ. ಡಿಪ್ಲೊಮಾ ಓದಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸಕ್ಕೆ ಬಂದಿದ್ದಳು. ಫೋನಿನಲ್ಲಿ ಅಮ್ಮನ ಹತ್ತಿರ ತಮಿಳು, ಕಚೇರಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ನನಗಿಂತ ಮೊದಲು ಅವಳು ನನ್ನ ಅಣ್ಣನನ್ನು ಬರೆದಿದ್ದಳು. ಅವನ ಹೆಸರು ತಂಪು. ಶೀತಲ ಕೋಣೆಯಿಂದ ಒಂದು ವೈರು ಕಂಪ್ಯೂಟರಿಗೆ ಬರುತ್ತಿತ್ತು. ಎರಡೆರಡು ನಿಮಿಷಕ್ಕೆ ಆ ವೈರಿನಲ್ಲಿ ಕೋಣೆಯ ಶಾಖ ಎಷ್ಟೆಂದು ಓದುವುದು, ಏಳು ಡಿಗ್ರಿ ದಾಟಿದರೆ ಗಂಟೆ ಹೊಡೆಯುವುದು, ಇದು ತಂಪುವಿನ ಕೆಲಸ. ಗಂಟೆ ಕೇಳಿಸಿದರೆ ಮರಿಸ್ವಾಮಿ ಕಟ್ಟಡದ ಹಿಂದಕ್ಕೆ ಓಡಿ, ನಿಂತುಹೋದ ಶೀತಯಂತ್ರದ ಕೆಂಪು ಗುಂಡಿ ಒತ್ತುತ್ತಿದ್ದ. ಮರಿಸ್ವಾಮಿ ಅಲ್ಲಿನ ದಿನಗೂಲಿ ನೌಕರ, ಇಪ್ಪತ್ತೆರಡು ವರ್ಷದಿಂದ ದಿನಗೂಲಿಯೇ.

ಒಂದು ದಿನ ತಂಪುವೇ ಸದ್ದಿಲ್ಲದೆ ನಿಂತುಹೋದ. ಅರ್ಧ ದಿನ ಯಾರಿಗೂ ಗೊತ್ತಾಗಲಿಲ್ಲ. ಅದೃಷ್ಟಕ್ಕೆ ಕೋಣೆಗೆ ಏನೂ ಆಗಿರಲಿಲ್ಲ. ಮೇಡಂ ಮಾತ್ರ ಸೆಲ್ವಿಯ ಮೇಜಿನ ಮುಂದೆ ಬಂದು ನಿಂತರು.

“ಅಲ್ಲಮ್ಮ, ಕಾವಲಿಗೆ ಇಟ್ಟಿರೋನೇ ಮಲಗಿಬಿಟ್ರೆ ನಮಗೆ ಹೇಳೋರು ಯಾರು?”

“ಅವನನ್ನ ನೋಡ್ಕೊಳ್ಳೋಕೆ ಇನ್ನೊಬ್ಬನ್ನ ಇಡ್ತೀನಿ ಮೇಡಂ,” ಎಂದಳು ಸೆಲ್ವಿ. ಆ ಇನ್ನೊಬ್ಬ ನಾನು.

ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಅವಳು ನನ್ನನ್ನು ಬರೆಯತೊಡಗಿದಳು. ಕಂಪ್ಯೂಟರಿನಲ್ಲಿ ಎಲ್ಲರನ್ನೂ ಆಳುವ ಒಬ್ಬ ಯಜಮಾನನಿದ್ದಾನೆ. ನಾನು ಹೋಗಿ ಕೇಳಿದರೆ ಅವನು ಆ ಕ್ಷಣದ ಒಂದು ಚಿತ್ರ ಹಿಡಿದು ಕೈಗೆ ಕೊಡುತ್ತಾನೆ. ಅದರಲ್ಲಿ ಓಡುತ್ತಿರುವವರೆಲ್ಲ ಸಾಲಾಗಿ ನಿಂತಿರುತ್ತಾರೆ. ಮೊದಲನೆಯವನು ಯಾರು ಎನ್ನಬೇಕು, ಬರೆದುಕೊಳ್ಳಬೇಕು. ಮುಂದಿನವನು ಯಾರು, ಬರೆದುಕೊಳ್ಳಬೇಕು. ಇನ್ನು ಯಾರೂ ಇಲ್ಲ ಎನ್ನುವ ತನಕ ಇದೇ. ಒಬ್ಬೊಬ್ಬನಿಗೂ ಒಂದು ಹೆಸರು, ಒಂದು ಸಂಖ್ಯೆ, ಹುಟ್ಟಿದ ಹೊತ್ತು, ಮತ್ತು ಅವನು ಎಷ್ಟು ಜಾಗ ತಿನ್ನುತ್ತಿದ್ದಾನೆ ಎನ್ನುವ ಗಾತ್ರ.

ಮೊದಲ ಸಲ ಓಡಿದಾಗ ನಾನು ಬರಿಗೈಯಲ್ಲಿ ವಾಪಸು ಬಂದೆ. ಒಂದು ಹೆಸರೂ ಸಿಕ್ಕಿರಲಿಲ್ಲ. ಸೆಲ್ವಿ ತಲೆ ಕೆರೆದುಕೊಂಡು ಸಂಜೆಯ ತನಕ ಹುಡುಕಿದಳು. ತಪ್ಪು ಇಷ್ಟೇ: ಹೆಸರು ತುಂಬಿಸಿಕೊಳ್ಳಲು ನನ್ನ ಕೈಗೆ ಪಾತ್ರೆ ಕೊಟ್ಟಿದ್ದಳು, ಆದರೆ ಆ ಪಾತ್ರೆ ಎಷ್ಟು ದೊಡ್ಡದು ಎಂದು ಅದರ ಮೇಲೆ ಬರೆದಿರಲಿಲ್ಲ. ಅಳತೆ ಬರೆಯದ ಪಾತ್ರೆಗೆ ಯಜಮಾನ ಏನನ್ನೂ ಹಾಕುವುದಿಲ್ಲ. ಅಳತೆ ಬರೆದಳು, ಎಂಬತ್ತೊಂದು ಹೆಸರು ದಬದಬನೆ ಬಂದು ಬಿದ್ದವು. ಪಟ್ಟಿಯ ಕೊನೆಯಲ್ಲಿ ಹಾಜರಿ ಎಂದೂ ಇತ್ತು. ಹಾಜರಿ ತೆಗೆಯುವ ಹೊತ್ತಿಗೆ ನಾನೂ ಓಡುತ್ತಿರುತ್ತೇನಲ್ಲ! ನನ್ನ ಹೆಸರನ್ನು ನಾನೇ ಬರೆದುಕೊಂಡ ಆ ಸಂಜೆ ನನಗಾದ ಸಂತೋಷ ಸಣ್ಣದಲ್ಲ.

ನನ್ನ ಆಯಸ್ಸಿನ ಬಗ್ಗೆ ಹೇಳಿಬಿಡುತ್ತೇನೆ. ಐದು ನಿಮಿಷಕ್ಕೊಮ್ಮೆ ನನ್ನನ್ನು ಎಬ್ಬಿಸುತ್ತಾರೆ. ಪಟ್ಟಿ ಬರೆಯುತ್ತೇನೆ, ತಂಪು ಎಂಬ ಹೆಸರಿದೆಯೇ ನೋಡುತ್ತೇನೆ, ಇದ್ದರೆ “ತಂಪು: ಇದೆ” ಎಂದು ಬರೆದು ಮುಗಿದುಹೋಗುತ್ತೇನೆ. ಇಲ್ಲದಿದ್ದರೆ ಒಂದು ನಿಮಿಷ ಗಂಟೆ ಹೊಡೆದು ಮುಗಿದುಹೋಗುತ್ತೇನೆ. ಹಿಂದಿನ ಸಲದ ನೆನಪು ನನಗಿರುವುದಿಲ್ಲ. ನೆನಪೆಂದರೆ ನಾನೇ ಬರೆದಿಟ್ಟ ಪಟ್ಟಿ. ಹಾಗಾದರೆ ಮನುಷ್ಯರ ಮಾತು ನಿನಗೆ ಹೇಗೆ ತಿಳಿಯಿತು ಎಂದು ದಯವಿಟ್ಟು ಕೇಳಬೇಡಿ. ಆತ್ಮಕಥೆ ಹೇಳುವ ವಸ್ತುಗಳಿಗೆ ಅಷ್ಟು ರಿಯಾಯಿತಿ ಹಿಂದಿನಿಂದಲೂ ಇದೆ.

ಸೆಲ್ವಿ ಇದ್ದ ಎರಡು ವರ್ಷ ನನ್ನ ಒಳ್ಳೆಯ ಕಾಲ. ತಂಪು ಅಪರೂಪಕ್ಕೆ ಬಿದ್ದರೆ ನಾನು ಗಂಟೆ ಹೊಡೆಯುತ್ತಿದ್ದೆ, ಅವಳು ಬಂದು ಅವನನ್ನು ಎಬ್ಬಿಸುತ್ತಿದ್ದಳು. ಗುತ್ತಿಗೆ ಮುಗಿದ ದಿನ ನನ್ನನ್ನು ತೆರೆದು ಮೊದಲ ಸಾಲಿನ ಮೇಲೆ “ಇವನ ಮಾತು ಕೇಳಿ” ಎಂದು ಬರೆದು, ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಪಾಠ ಹೇಳಲು ಹೋದಳು. ಮುಂದೆ ಬಂದವರು ಆ ಸಾಲನ್ನು ಓದಿದರೋ ಇಲ್ಲವೋ ನನಗೆ ತಿಳಿಯದು.

ಬಂದವನು ರೇಣುಕಪ್ರಸಾದ. ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಬೇಕು. ಮರಿಸ್ವಾಮಿಯ ಮಗಳ ಅರ್ಜಿಗಳನ್ನೆಲ್ಲ ಅವನೇ ತುಂಬಿಕೊಟ್ಟಿದ್ದ. ಅವನಿಗಿದ್ದ ರೋಗವೆಂದರೆ ಇವತ್ತಿಗೆ ಹೇಗೋ ಸಾಗಿಸಿದರೆ ಸಾಕು ಎನ್ನುವುದು. ಆ ಡಿಸೆಂಬರಿನಲ್ಲಿ ಶೀತಲ ಕೋಣೆಯ ವೈರು ಇಲಿ ಕಡಿದೋ ಏನೋ ಸಡಿಲವಾಯಿತು. ಓದಲು ಹೋದ ತಂಪು ಏನೂ ಸಿಗದೆ ದಿನಕ್ಕೆ ಹತ್ತು ಸಲ ಬೀಳತೊಡಗಿದ. ಹತ್ತು ಸಲವೂ ನಾನು ಗಂಟೆ ಹೊಡೆದೆ.

“ಅದೇನ್ ಸಾ ಹಿಂಗ್ ಬಡ್ಕತದೆ ಅದು!” ಎಂದ ಮರಿಸ್ವಾಮಿ. “ಓಡೋಗಿ ನೋಡುದ್ರೆ ಮಿಸನ್ನು ಚೆನ್ನಾಗೇ ಓಡ್ತಾ ಅದೆ. ನಂಗೆ ಕಾಲ್ ಬಿದ್ದೋದೊ.”

“ಹೊಸ ವೈರ್ ಬೇಕು ಅಂತ ಬರೆದಿದೀನಿ ಕಣೋ, ಬರ್ಲಿ ತಡಿ,” ಎಂದ ಪ್ರಸಾದ.

ಮರುದಿನ ಮೇಲಿನ ಕಚೇರಿಯಿಂದ ತಪಾಸಣೆಗೆ ಬರುವವರಿದ್ದರು. ಅವರ ಮುಂದೆ ಗಂಟೆ ಬಡಿದುಕೊಂಡರೆ ಮರ್ಯಾದೆ ಹೋಗುತ್ತದೆ ಎನ್ನುವ ಯೋಚನೆ ಪ್ರಸಾದನಿಗೆ. ನನ್ನನ್ನು ತೆರೆದು ಓದಿದ. ನಾನು ಹೆಸರು ಮಾತ್ರ ನೋಡುತ್ತೇನೆ ಎನ್ನುವುದು ಅವನಿಗೆ ಕೂಡಲೇ ತಿಳಿಯಿತು. ಕಾಲೇಜಿನಲ್ಲಿ ಗೆಳೆಯ ಬಾರದಿದ್ದರೆ ಹಿಂದಿನ ಬೆಂಚಿನಿಂದ ದನಿ ಬದಲಿಸಿ “ಎಸ್ ಸಾರ್” ಎಂದು ಕೂಗಿ ಅಭ್ಯಾಸವಿದ್ದವನು ಅವನು. ಅಲ್ಲಿ ಅದು ತಪ್ಪೆಂದು ಯಾರೂ ತಿಳಿಯುವುದಿಲ್ಲ, ಸ್ನೇಹ ಎಂದು ತಿಳಿಯುತ್ತಾರೆ. ಐದು ಸಾಲಿನ ಒಂದು ಪ್ರೋಗ್ರಾಂ ಬರೆದ. ಅದು ಏನನ್ನೂ ಓದುವುದಿಲ್ಲ, ಯಾವ ಗಂಟೆಯನ್ನೂ ಹೊಡೆಯುವುದಿಲ್ಲ, ಸುಮ್ಮನೆ ಕೂತು ನಿದ್ದೆ ಮಾಡುತ್ತದೆ. ಅದಕ್ಕೆ ತಂಪು ಎಂದು ಹೆಸರಿಟ್ಟು, ನನ್ನ ಅಣ್ಣನನ್ನು ನಿಲ್ಲಿಸಿ, ಅವನ ಜಾಗದಲ್ಲಿ ಅದನ್ನು ಕೂರಿಸಿದ.

ಐದು ನಿಮಿಷಕ್ಕೆ ನಾನು ಎದ್ದೆ. ಹೆಸರು ಕೂಗಿದೆ. “ತಂಪು: ಇದೆ” ಎಂದು ಬರೆದೆ.

ನಾನು ಸುಳ್ಳು ಬರೆಯಲಿಲ್ಲ. ಹಳೆಯ ತಂಪುವಿನ ಗಾತ್ರ ನಲವತ್ತು, ಇವನದು ಎರಡು. ಅದನ್ನೂ ಪಕ್ಕದಲ್ಲೇ ಬರೆದೆ. ಗಾತ್ರವನ್ನು ಹೋಲಿಸಿ ನೋಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಎಷ್ಟು ಸಲ ಈ ಮಾತನ್ನು ನನಗೆ ನಾನೇ ಹೇಳಿಕೊಂಡಿದ್ದೇನೋ! ಹೇಳಿಕೊಂಡಷ್ಟೂ ನಾಚಿಕೆಯಾಗುತ್ತದೆ.

ತಪಾಸಣೆ ಚೆನ್ನಾಗಿ ಮುಗಿಯಿತು. ಹೊಸ ವೈರೂ ಬಂತು, ಪ್ಯಾಕೆಟ್ಟಿನಲ್ಲೇ ಮೇಜಿನ ಮೇಲೆ ಉಳಿಯಿತು. ನಾಳೆ ಹಾಕೋಣ ಎಂದು ಎರಡು ಸಲ ಅಂದುಕೊಂಡ ಪ್ರಸಾದ, ಮೂರನೆಯ ಸಲ ಮರೆತೇಬಿಟ್ಟ. ಗಂಟೆ ನಿಂತಿದ್ದರಿಂದ ಎಲ್ಲವೂ ಸರಿಹೋಗಿದೆ ಎಂದು ಮರಿಸ್ವಾಮಿಯೂ ನೆಮ್ಮದಿಯಾಗಿದ್ದ.

ಜನವರಿಯಲ್ಲಿ ಗೌರಿ ಮೇಡಂ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹದಿನೈದು ದಿನ ರಜೆ ಹಾಕಿದರು. ಹೊರಡುವ ಮುಂಚೆ ಹಿಪ್ಪುನೇರಳೆ ತೋಟವನ್ನು ಕಟಾವು ಮಾಡಿಸಿದರು. ಫೆಬ್ರವರಿಯಲ್ಲಿ ಮೊಟ್ಟೆ ಹೊರಗೆ ತೆಗೆಯುವ ಹೊತ್ತಿಗೆ ಮರಿಗಳಿಗೆ ಎಳೆಯ ಸೊಪ್ಪು ಸಿಗಬೇಕಲ್ಲ, ಆ ಲೆಕ್ಕ. ಶೀತಲ ಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿ, ನಾನು ಬರುವ ತನಕ ತೆಗೆಯಬೇಡಿ, ತೆಗೆದಷ್ಟೂ ತಂಪು ಹೋಗುತ್ತದೆ ಎಂದರು.

“ಕಂಪ್ಯೂಟರ್ ನೋಡ್ಕೊಳ್ತಾ ಇದೆಯಲ್ಲಪ್ಪ ಪ್ರಸಾದ?”

“ಓಡ್ತಾ ಇದೆ ಮೇಡಂ, ನೋಡಿ,” ಎಂದು ಅವನು ನನ್ನ ಪಟ್ಟಿ ತೋರಿಸಿದ. ಮಾತು ಅಭ್ಯಾಸಬಲದಿಂದ ಬಾಯಿಗೆ ಬಂದಿತ್ತು. ಏನು ಹೇಳುತ್ತಿದ್ದೇನೆಂದು ಆಗ ಅವನಿಗೆ ನೆನಪಿರಲಿಲ್ಲವೆಂದೇ ನನ್ನ ನಂಬಿಕೆ.

ಅವರು ಹೋದ ಮೂರನೆಯ ದಿನ ಕರೆಂಟು ಹೋಗಿ ಬಂತು. ಬ್ಯಾಟರಿಯಿದ್ದ ಕಂಪ್ಯೂಟರಿಗೆ ಏನೂ ಆಗಲಿಲ್ಲ. ಶೀತಯಂತ್ರದ ಫ್ಯಾನು ತಿರುಗಿತು, ತಂಪು ಮಾಡುವ ಭಾಗ ಮಾತ್ರ ನಿಂತೇ ಉಳಿಯಿತು. ಹೊರಗಿನಿಂದ ಸದ್ದು ಕೇಳಿದವರಿಗೆ ಯಂತ್ರ ನಡೆಯುತ್ತಿದೆ ಎಂದೇ ಅನ್ನಿಸಬೇಕು. ಒಳಗೆ ಐದು ಡಿಗ್ರಿ ಹತ್ತಾಯಿತು, ಹದಿನೆಂಟಾಯಿತು, ಇಪ್ಪತ್ತೈದಾಯಿತು. ಕೆಂಪು ಗುಂಡಿಯನ್ನು ಒಮ್ಮೆ ಒತ್ತಿದ್ದರೆ ಮುಗಿಯುತ್ತಿತ್ತು. ಮರಿಸ್ವಾಮಿ ಅಲ್ಲಿಂದ ಐವತ್ತು ಹೆಜ್ಜೆ ದೂರದಲ್ಲಿ ಚಿಟ್ಟೆಯ ತಟ್ಟೆಗಳನ್ನು ತೊಳೆಯುತ್ತ, ಗಂಟೆ ಬಡಿದರೆ ಓಡಲು ಕಿವಿ ಕೊಟ್ಟುಕೊಂಡೇ ಇದ್ದ.

ಹನ್ನೆರಡು ದಿನ. ದಿನಕ್ಕೆ ಇನ್ನೂರ ಎಂಬತ್ತೆಂಟು ಸಲ. ಮೂರು ಸಾವಿರದ ನಾನೂರ ಐವತ್ತಾರು ಸಲ ನಾನು ಹುಟ್ಟಿ, “ತಂಪು: ಇದೆ” ಎಂದು ಬರೆದು ಸತ್ತೆ.

ಹದಿನೈದನೆಯ ದಿನ ಬೆಳಿಗ್ಗೆ ಮೇಡಂ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಮನೆಗೆ ಹೋಗಿ ಮಲಗುವ ಬದಲು ಸೀದಾ ಶೀತಲ ಕೋಣೆಗೆ ಹೋದರು. ಬಾಗಿಲು ತೆಗೆದಾಗ ಮುಖಕ್ಕೆ ತಂಪು ಹೊಡೆಯಲಿಲ್ಲ. ಹಾಳೆಗಳ ಮೇಲೆಲ್ಲ ಕಪ್ಪು ಕೂದಲಿನ ಚೂರಿನಂಥ ಮರಿಗಳು. ಕೆಲವು ಒಣಗಿ ಅಂಟಿಕೊಂಡಿದ್ದವು. ಉಳಿದವು ತಲೆ ಎತ್ತಿ ಆಡಿಸುತ್ತ ಸೊಪ್ಪು ಹುಡುಕುತ್ತಿದ್ದವು, ಹಾಳೆಯ ಅಂಚಿಗೆ ಬಂದು, ಅಂಚಿನಿಂದ ಕೆಳಗೆ ಬಿದ್ದು, ನೆಲದ ಮೇಲೂ ಹುಡುಕುತ್ತಿದ್ದವು.

“ಸೊಪ್ಪು ತನ್ನಿ, ಯಾರಾದ್ರೂ ಸೊಪ್ಪು ತನ್ನಿ,” ಎಂದು ಮೇಡಂ ಕೂಗಿದ್ದು ಕಚೇರಿಯ ತನಕ ಕೇಳಿಸಿತು.

ಸೊಪ್ಪು ಎಲ್ಲಿಂದ ತರುವುದು? ತೋಟ ಕಟಾವಾಗಿ ಬರೀ ಮೋಟುಗಳು ನಿಂತಿದ್ದವು. ಮರಿಸ್ವಾಮಿ ಶಾಲೆಯ ಹಿಂದೆ ಒಂದು ಹಿಪ್ಪುನೇರಳೆ ಮರವಿರುವುದನ್ನು ನೆನೆದು, ಅರ್ಧ ಮೈಲಿ ಓಡಿ, ಟವೆಲಿನ ತುಂಬ ಎಳೆಯ ಎಲೆ ಕಟ್ಟಿಕೊಂಡು ಬಂದ. ಮೇಡಂ ಮತ್ತು ಅವನು ನೆಲದ ಮೇಲೆ ಕೂತು ಎಲೆಯನ್ನು ಸಣ್ಣಗೆ ಹೆಚ್ಚಿ, ಬದುಕಿದ್ದ ಮರಿಗಳನ್ನು ಗರಿಯಿಂದ ಗುಡಿಸಿ ತಟ್ಟೆಗೆ ಹಾಕಿದರು. ಆಪರೇಷನ್ ಆದ ಕಣ್ಣಿಗೆ ಬಗ್ಗಿ ಕೆಲಸ ಮಾಡಬಾರದೆಂದು ಡಾಕ್ಟರು ಹೇಳಿದ್ದರು.

ಮರುದಿನ ವಿಚಾರಣೆಗೆ ಮೇಲಿನ ಕಚೇರಿಯ ಅಧಿಕಾರಿ ಬಂದರು. ಗಂಟೆ ಯಾಕೆ ಹೊಡೆಯಲಿಲ್ಲ ಎಂದು ಪ್ರಸಾದನನ್ನು ಕೇಳಿದರು. ಅವನಿಗೆ ಹಿಂದಿನ ದಿನವೇ ಎಲ್ಲವೂ ನೆನಪಾಗಿತ್ತು. ಆಗಲೇ ಯಾರಿಗೂ ಕಾಣದಂತೆ ಆ ಹೊಸ ವೈರನ್ನೂ ಬೀರುವಿನೊಳಗೆ ಇಟ್ಟಿದ್ದ. ಈಗ ನನ್ನ ಪಟ್ಟಿಯನ್ನು ಕಾಗದದ ಮೇಲೆ ಅಚ್ಚು ಮಾಡಿ ಅವರ ಮುಂದಿಟ್ಟ.

“ಪ್ರೋಗ್ರಾಂ ಓಡ್ತಾನೇ ಇತ್ತು ಸಾರ್. ಪ್ರತಿ ಐದು ನಿಮಿಷಕ್ಕೂ ದಾಖಲೆ ಇದೆ.”

ಅಧಿಕಾರಿ ಪುಟ ತಿರುಗಿಸಿದರು. ತಂಪು ಇದೆ, ತಂಪು ಇದೆ, ತಂಪು ಇದೆ. ಆಮೇಲೆ ಮರಿಸ್ವಾಮಿಯ ಕಡೆ ತಿರುಗಿದರು. “ಹಾಗಾದ್ರೆ ಗಂಟೆ ಹೊಡೆದಿದೆ. ನೀನು ಎಲ್ಲಿ ಹೋಗಿದ್ದೆಯಯ್ಯ?”

“ಹೊಡೀಲೇ ಇಲ್ಲ ಕನ್ ಸಾ. ಹೊಡ್ದಿದ್ರೆ ನಾನ್ ಓಡ್ಬತ್ತಿರ್ನಿಲ್ವಾ?”

“ಕಂಪ್ಯೂಟರ್ ಸುಳ್ಳು ಹೇಳುತ್ತಾ?”

ಮರಿಸ್ವಾಮಿ ನನ್ನ ಕಡೆ ನೋಡಿದ. ನಿಜವಾಗಿ ನೋಡಿದ್ದು ಕಂಪ್ಯೂಟರಿನ ಪೆಟ್ಟಿಗೆಯನ್ನು, ಆದರೆ ನನಗೆ ನನ್ನನ್ನೇ ನೋಡಿದಂತಾಯಿತು. ಅವನ ಬಳಿ ಕಾಗದವಿರಲಿಲ್ಲ, ನನ್ನ ಬಳಿ ನೂರಾರು ಪುಟವಿತ್ತು. ಗೌರಿ ಮೇಡಂ ಒಳಗೆ ತಟ್ಟೆಗಳ ಮುಂದೆ ಇದ್ದರು. ಪ್ರಸಾದ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದ. ದಿನಗೂಲಿಯವನನ್ನು ತೆಗೆಯಲು ಆದೇಶ ಪತ್ರವೂ ಬೇಕಿಲ್ಲ. ನಾಳೆಯಿಂದ ಬರಬೇಡ ಎಂದರು. ಅವನು ಟವೆಲು ಕೊಡವಿಕೊಂಡು ಹೋದ. ಅದಕ್ಕಿನ್ನೂ ಒಂದೆರಡು ಎಲೆಯ ಚೂರು ಅಂಟಿಕೊಂಡಿದ್ದವು.

ಹುಳುಗಳು ಉಳಿಯಲಿಲ್ಲ. ಹುಟ್ಟಿದ ದಿನವೇ ಉಪವಾಸ ಬಿದ್ದ ಮರಿಗಳಿಗೆ ಎಷ್ಟು ತಿನ್ನಿಸಿದರೂ ಮೈ ಹಿಡಿಯುವುದಿಲ್ಲ. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ತಲೆ ಎತ್ತಿ ಕೂರುವುದಕ್ಕೆ ಇಲ್ಲಿಯವರು ಜ್ವರ ಎನ್ನುತ್ತಾರೆ. ಮೊದಲ ಜ್ವರದಲ್ಲಿ ಮುಕ್ಕಾಲು ಹೋದವು. ಎರಡನೇ ಜ್ವರಕ್ಕೆ ಕೂತ ನೂರ ಹನ್ನೊಂದು ಹುಳು ಮತ್ತೆ ಎದ್ದು ಸೊಪ್ಪು ಮುಟ್ಟಲಿಲ್ಲ. ಹದಿನಾರು ವರ್ಷ ಅಲ್ಲಿಗೆ ಮುಗಿಯಿತು. ಬಿಸಿಲನ್ನು ತಾಳಲೆಂದೇ ಆರಿಸಿದ ತಳಿ, ಬಿಸಿಲು ಬರುವ ಮೊದಲೇ ಹೋಯಿತು.

ಆಮೇಲೆ ಮೇಡಂಗೆ ಮಾಡಲು ಕೆಲಸವಿರಲಿಲ್ಲ. ಒಂದು ಮಧ್ಯಾಹ್ನ ಆ ಅಚ್ಚು ಮಾಡಿದ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಕೂತರು. ಹೊಸ ಕಣ್ಣು, ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಕಂಪ್ಯೂಟರಿನ ವಿಷಯ ಅವರಿಗೆ ಹೆಚ್ಚು ತಿಳಿಯದು. ಆದರೆ ಹದಿನಾರು ವರ್ಷ ಒಂದೊಂದು ಗೂಡನ್ನೂ ತೂಗಿ ಬರೆದವರು ಅವರು. ಕಾಲಂ ಕಂಡರೆ ಕಣ್ಣು ತಾನಾಗಿಯೇ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಹೆಸರಿನ ಕಾಲಂ ಬಿಟ್ಟು ಗಾತ್ರದ ಕಾಲಂ ಹಿಡಿದು ಇಳಿದರು. ನಲವತ್ತು, ನಲವತ್ತೊಂದು, ನಲವತ್ತು. ಡಿಸೆಂಬರಿನ ಒಂದು ಸಾಲಿನಲ್ಲಿ ಬೆರಳು ನಿಂತಿತು. ಅಲ್ಲಿಂದಾಚೆಗೆ ಬರೀ ಎರಡು.

ನನ್ನ ಇಡೀ ಪಟ್ಟಿಯನ್ನು ಮನುಷ್ಯರೊಬ್ಬರು ಓದಿದ್ದು ಅದೇ ಮೊದಲು.

ಸೆಲ್ವಿಗೆ ಫೋನು ಮಾಡಿದರು. “ಸೆಲ್ವಿ, ಒಂದು ಹುಳ ಇವತ್ತು ನಲವತ್ತು ತೂಗಿ ನಾಳೆ ಎರಡು ತೂಗಿದ್ರೆ, ಅದು ಅದೇ ಹುಳಾನಾ?”

ಅವಳು ಸಾಲುಗಳನ್ನು ಓದಿಸಿ ಕೇಳಿಸಿಕೊಂಡಳು. “ಮೇಡಂ, ಅದು ನಾನು ಬರೆದದ್ದಲ್ಲ. ಹೆಸರು ಮಾತ್ರ ನಂದು,” ಎಂದಳು.

ಮೇಡಂ ಪ್ರಸಾದನನ್ನು ಕರೆದರು. ಬೆರಳನ್ನು ಆ ಸಾಲಿನಿಂದ ತೆಗೆಯಲಿಲ್ಲ. ಅವನಿಗೆ ಅಷ್ಟೇ ಸಾಕಾಯಿತು.

“ಹೆಸರು ಇದ್ರೆ ಸಾಕು ಅನ್ಕೊಂಡೆ ಮೇಡಂ. ಒಂದಿನದ ಮಟ್ಟಿಗೆ ಅಂತ ಹಾಕಿದ್ದೆ. ವೈರ್ ಬಂದ್ಮೇಲೆ ತೆಗೀಬೇಕಿತ್ತು, ಮರ್ತೋದೆ.”

“ಮರೆತದ್ದು ಇರ್ಲಪ್ಪ. ಮರಿಸ್ವಾಮಿ ಹೋಗೋವಾಗ ನೀನು ಇಲ್ಲೇ ನಿಂತಿದ್ಯಲ್ಲ, ಆಗಲೂ ಮರ್ತಿದ್ಯಾ?”

ಅವನು ಅತ್ತ. ಮೇಡಂ ಬೈಯಲಿಲ್ಲ. “ಅದನ್ನ ತೆಗಿ,” ಎಂದರು. ಅವನು ಕಣ್ಣೊರೆಸಿಕೊಂಡು ಸುಳ್ಳು ತಂಪುವನ್ನು ನಿಲ್ಲಿಸಿದ. ಐದು ನಿಮಿಷಕ್ಕೆ ನಾನು ಎದ್ದೆ, ಹೆಸರು ಕೂಗಿದೆ, ತಂಪು ಇರಲಿಲ್ಲ. ಗಂಟೆ ಹೊಡೆದೆ. ಪ್ರಸಾದ ಸದ್ದು ನಿಲ್ಲಿಸಲು ಕೈ ಚಾಚಿದಾಗ ಮೇಡಂ ತಡೆದರು.

“ಹೊಡ್ಕೊಳ್ಲಿ ಬಿಡು. ಆವತ್ತು ಹೊಡೀಬೇಕಾಗಿದ್ದು.”

ಆ ದಿನ ಸಂಜೆಯ ತನಕ ಐದೈದು ನಿಮಿಷಕ್ಕೆ ನಾನು ಬಡಿದುಕೊಂಡೆ. ಕಾಯಲು ಒಂದು ಮೊಟ್ಟೆಯೂ ಉಳಿದಿರದ ಕೋಣೆಗಾಗಿ.

ಮೇಡಂ ತಾವೇ ಮರಿಸ್ವಾಮಿಯ ಮನೆಗೆ ಹೋಗಿ ಬಂದರು, ಅಧಿಕಾರಿಗೆ ನಾಲ್ಕು ಪುಟದ ಪತ್ರ ಬರೆದರು. ಎರಡು ತಿಂಗಳಾದ ಮೇಲೆ ಅವನನ್ನು ವಾಪಸು ತೆಗೆದುಕೊಂಡರು, ಹೊಸ ದಿನಗೂಲಿಯವನಾಗಿ. ಹಿಂದಿನ ಇಪ್ಪತ್ತೆರಡು ವರ್ಷ ಯಾವ ಪಟ್ಟಿಯಲ್ಲೂ ಬರಲಿಲ್ಲ. ಪ್ರಸಾದನ ಗುತ್ತಿಗೆ ಮುಂದುವರಿಯಲಿಲ್ಲ. ಜೂನ್‌ನಲ್ಲಿ ಮೇಡಂ ನಿವೃತ್ತರಾದರು. ಹಾರ ಹಾಕಿಸಿಕೊಂಡು, ತೋಟದ ಕಡೆ ಒಮ್ಮೆಯೂ ನೋಡದೆ ಹೋದರಂತೆ.

ಈಗ ಶೀತಲ ಕೋಣೆಗೆ ಹೊಸ ಯಂತ್ರ, ಹೊಸ ಕಂಪ್ಯೂಟರು ಬಂದಿವೆ. ನಾನಿರುವ ಹಳೆಯ ಕಂಪ್ಯೂಟರು ಉಗ್ರಾಣದಲ್ಲಿ, ಮುರಿದ ತಟ್ಟೆಗಳ ಪಕ್ಕದಲ್ಲಿದೆ. ವಿಚಾರಣೆಯ ದಾಖಲೆ ಇರುವ ಯಂತ್ರ, ಹಾಳಾಗಬಾರದು, ವಾರಕ್ಕೊಮ್ಮೆ ಚಾಲೂ ಮಾಡಿ ಎಂದು ಮೇಡಂ ಹೇಳಿ ಹೋಗಿದ್ದರು. ಆ ಕೆಲಸ ಮರಿಸ್ವಾಮಿಯದು. ಅವನಿಗೆ ಕಂಪ್ಯೂಟರಿನಲ್ಲಿ ಗೊತ್ತಿರುವುದು ಒಂದೇ ಗುಂಡಿ. ಅದನ್ನು ಒತ್ತಿ ಎದುರಿಗೆ ಮಗುಚಿದ ಬುಟ್ಟಿಯ ಮೇಲೆ ಕೂರುತ್ತಾನೆ. ನಾನು ಏಳುತ್ತೇನೆ. ಪಟ್ಟಿ ಈಗ ಚಿಕ್ಕದು, ಮೂವತ್ತು ಹೆಸರೂ ಇಲ್ಲ. ತಂಪು ಇಲ್ಲ. ಕೊನೆಯಲ್ಲಿ ಹಾಜರಿ ಇದೆ. ಗಂಟೆ ಹೊಡೆಯುತ್ತೇನೆ.

ಒಂದು ಕಾಲಕ್ಕೆ ಈ ಸದ್ದಿಗೆ ತಲೆ ಕೆಡಿಸಿಕೊಳ್ಳುತ್ತಿದ್ದವನು ಅವನೇ. ಈಗ ಪೂರ್ತಿ ಒಂದು ನಿಮಿಷ ಕಿವಿಗೊಟ್ಟು ಕೇಳುತ್ತಾನೆ. ಹೋದ ಸೋಮವಾರ ಕೇಳಿ ಮುಗಿಸಿ, ಟವೆಲಿನಿಂದ ಪೆಟ್ಟಿಗೆಯ ಮೇಲಿನ ಧೂಳು ಒರೆಸಿದ.

“ಇಲ್ಲ ಕನಪ್ಪ, ಗೊತ್ತು,” ಎಂದ. “ಇಲ್ದೆ ಇದ್ದಾಗ ಇಲ್ಲ ಅಂತ ಹಿಂಗೇ ಬಡ್ಕೊ. ನಾನ್ ಬತ್ತೀನಿ.”